ಗಂಟೆ ಬೇರೆ, ತಾಸು ಬೇರೆ

ಅಕ್ಕ ನ್ಯೂಜೆರ್ಸಿಯಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ. 11 ಗಂಟೆಗೆ ಶುರು, ಬೆಳಿಗ್ಗೆ 7 ಗಂಟೆಗೆ ಮುಗಿತಾಯ. ಡ್ಯೂಟಿಗೆ ಹೋಗುವಾಗ ಮನೆಗೆ ಒಂದು ಮೆಸೇಜು ಹಾಕುತ್ತಾಳೆ. ಮುಗಿಸಿ ಹೊರಗೆ ಬಂದ ಕೂಡಲೇ ಫೋನು. ಶಿರಸಿಯ ನಮ್ಮ ಮನೆಯಲ್ಲಿ ಆಯಿ ಆ ಎರಡಕ್ಕೂ ಕಾಯುತ್ತಿರುತ್ತಾಳೆ.

2025ರ ನವೆಂಬರಿನಲ್ಲಿ ಒಂದು ದಿನ ಅಕ್ಕ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. "ನೋಡು ತಮ್ಮಾ, 1ನೇ ತಾರೀಖು ಶನಿವಾರ ರಾತ್ರಿ ನಾನು ಒಂಬತ್ತು ತಾಸು ಕೆಲಸ ಮಾಡಿದ್ದೇನೆ. ಪೇಸ್ಲಿಪ್ಪಿನಲ್ಲಿ ಎಂಟು ಅಂತ ಬಂದಿದೆ. ಕೇಳಿದರೆ, ಹನ್ನೊಂದರಿಂದ ಏಳಕ್ಕೆ ಎಂಟೇ ಅಲ್ವಾ, ಕಂಪ್ಯೂಟರ್ ಲೆಕ್ಕ ಅದು ಅನ್ನುತ್ತಾರೆ."

ಆಯಿ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಹಳೆಯ ಮೆಸೇಜು ಹುಡುಕಿದಳು. "ಆವತ್ತು ಬೆಳಿಗ್ಗೆ ಎಂಟೂವರೆಗೆ ನಿನ್ನ ಮೆಸೇಜು ಬಂದಿದೆ. ದೋಸೆ ಹೊಯ್ಯುವ ಹೊತ್ತು. ಫೋನು ಬಂದಿದ್ದು ಸಂಜೆ ಐದೂವರೆಗೆ. ಒಂಬತ್ತು ತಾಸು ಆಯ್ತಲ್ಲ!"

ಆಯಿಯ ಲೆಕ್ಕ ಸರಿ. ಕಂಪ್ಯೂಟರಿನ ಲೆಕ್ಕ ತಪ್ಪು. ಡೇಟಾಬೇಸ್, ಅಂದರೆ ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ವ್ಯವಸ್ಥೆ, ಅದರ ಕೆಲಸವೇ ನನ್ನ ಹೊಟ್ಟೆಪಾಡು, ಹಾಗಾಗಿ ಈ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಗೊತ್ತು. ಇದೇ ಜಾತಿಯ ತಪ್ಪಿರುವ ಕೋಡನ್ನು ನಾನೂ ಹಿಂದೆ ಬರೆದಿದ್ದೇನೆ. ಒಬ್ಬರ ಇಡೀ ಒಂದು ತಾಸಿನ ದುಡಿಮೆ ಲೆಕ್ಕದಿಂದ ಮಾಯವಾಗುವುದು ಸಣ್ಣ ವಿಷಯ ಅಲ್ಲ. ಅದಕ್ಕಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ರಾತ್ರಿ ಏನಾಯಿತು ನೋಡೋಣ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರವನ್ನು 3ಕ್ಕೆ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ 2 ಗಂಟೆಗೆ ಮತ್ತೆ 1ಕ್ಕೆ ಇಳಿಸುತ್ತಾರೆ. 2007ರಿಂದ ಅಲ್ಲಿ ಇದೇ ನಿಯಮ. ಇದಕ್ಕೆ ಡೇಲೈಟ್ ಸೇವಿಂಗ್ ಎನ್ನುತ್ತಾರೆ. ನಾನು ಬೇಸಿಗೆ ಸಮಯ ಎನ್ನುತ್ತೇನೆ, ಬರೆಯಲು ಸುಲಭ. 2025ರಲ್ಲಿ ಆ ಭಾನುವಾರಗಳು ಮಾರ್ಚ್ 9 ಮತ್ತು ನವೆಂಬರ್ 2. ಅಕ್ಕ ಡ್ಯೂಟಿಯಲ್ಲಿದ್ದ ರಾತ್ರಿ 1ರಿಂದ 2ರವರೆಗಿನ ಹೊತ್ತು ಎರಡು ಸಲ ಬಂದಿತ್ತು. ಎರಡೂ ಸಲ ಅವಳು ವಾರ್ಡಿನಲ್ಲೇ ಇದ್ದಳು.

ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಕಾರವಾರದಲ್ಲಿ ಜೂನ್ ತಿಂಗಳ ಉದ್ದದ ಹಗಲು ಸುಮಾರು 13 ತಾಸು, ಡಿಸೆಂಬರಿನ ಗಿಡ್ಡ ಹಗಲು ಹನ್ನೊಂದು ತಾಸಿಗಿಂತ ಸ್ವಲ್ಪ ಜಾಸ್ತಿ. ನ್ಯೂಯಾರ್ಕಿನ ಕಡೆ ಅದು 15 ಮತ್ತು ಒಂಬತ್ತು ಚಿಲ್ಲರೆ. ಅಷ್ಟು ಏರಿಳಿತ ಇದ್ದಲ್ಲಿ ಬೇಸಿಗೆಯ ಬೆಳಕನ್ನು ಸಂಜೆಗೆ ಉಳಿಸಿಕೊಳ್ಳುವ ಆಸೆ ಹುಟ್ಟುವುದು ಸಹಜ. 1907ರಲ್ಲಿ ವಿಲಿಯಂ ವಿಲೆಟ್ ಎಂಬ ಇಂಗ್ಲೆಂಡಿನವನು ಇದಕ್ಕಾಗಿ ಪ್ರಚಾರ ಶುರು ಮಾಡಿದ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಜರ್ಮನಿ ಇಡೀ ದೇಶಕ್ಕೆ ಜಾರಿ ಮಾಡಿತು. ಆಮೇಲೆ ಬೇರೆಯವರೂ ಹಿಂದೆ ಬಂದರು.

ಗಡಿಯಾರದ ಸಮಯ ಅನ್ನುವುದು ಮನುಷ್ಯರು ಮಾಡಿಕೊಂಡ ಒಪ್ಪಂದ. ನಮ್ಮದೂ ಹಾಗೆಯೇ. ಭಾರತದ ಸಮಯ ನಿಂತಿರುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ. ಕಾರವಾರ ಇರುವುದು 74 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ವ್ಯತ್ಯಾಸ. ಹಾಗಾಗಿ ಕಾರವಾರದ ಕಡಲ ದಂಡೆಯಲ್ಲಿ ನಿಂತವನಿಗೆ ನಡುಹಗಲು ಆಗುವುದು ಸರಾಸರಿ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿದ ಮೇಲೆ. ನಾವು ಅದನ್ನು ಗಮನಿಸುವುದೇ ಇಲ್ಲ, ಯಾಕೆಂದರೆ ನಮ್ಮ ಒಪ್ಪಂದ ವರ್ಷವಿಡೀ ಕದಲುವುದಿಲ್ಲ. ಕದಲದ್ದರಿಂದಲೇ ಆಯಿ ಸರಿ ಉತ್ತರ ಕೊಟ್ಟಳು. ಅವಳು ನೋಡಿದ್ದು ಶಿರಸಿಯ ಸಮಯ. ಎಂಟೂವರೆಯಿಂದ ಐದೂವರೆಗೆ ನೇರ ಕಳೆದರೆ ಸಾಕು. ಅಕ್ಕನ ಆಸ್ಪತ್ರೆಯ ಕಂಪ್ಯೂಟರ್ ನೋಡಿದ್ದು ನ್ಯೂಜೆರ್ಸಿಯ ಗೋಡೆ ಗಡಿಯಾರ. ಆ ಗಡಿಯಾರವನ್ನು ಮಧ್ಯರಾತ್ರಿ ದಾಟಿದ ಮೇಲೆ ಹಿಂದಕ್ಕೆ ತಿರುಗಿಸಿದ್ದರು.

ನಮ್ಮ ಭಾಷೆಯಲ್ಲಿ ಈ ವ್ಯತ್ಯಾಸಕ್ಕೆ ಎರಡು ಪದಗಳೇ ಇವೆ. "ಗಂಟೆ ಎಷ್ಟಾಯ್ತು?" ಎಂದು ಕೇಳಿದರೆ ಗಡಿಯಾರ ನೋಡಿ ಹೇಳುತ್ತೇವೆ. "ಎಷ್ಟು ತಾಸು ಹಿಡಿಯಿತು?" ಎಂದರೆ ಕಳೆದುಹೋದ ಹೊತ್ತನ್ನು ಹೇಳುತ್ತೇವೆ. ನಮ್ಮ ಕಡೆಯ ಮಾತಿನಲ್ಲಿ "ಕುಮಟಾಕ್ಕೆ ಎರಡು ತಾಸಿನ ದಾರಿ", "ಬಸ್ಸು ಎರಡು ಗಂಟೆಗೆ". ಗಂಟೆ ಗಡಿಯಾರದ ಮುಳ್ಳು ತೋರಿಸುವ ಜಾಗ. ತಾಸು ಕಳೆದ ಹೊತ್ತಿನ ಅಳತೆ. ಡೇಟಾಬೇಸಿನಲ್ಲಿ ಸಮಯದ ಬಗ್ಗೆ ಆಗುವ ಗೊಂದಲದಲ್ಲಿ ಹೆಚ್ಚಿನದು ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದ ಬರುವುದು. ಈ ಲೇಖನದಲ್ಲಿ ಮುಂದೆಯೂ ಈ ಎರಡು ಪದಗಳನ್ನು ಇದೇ ಅರ್ಥದಲ್ಲಿ ಬಳಸುತ್ತೇನೆ.

ಈಗ ಡೇಟಾಬೇಸಿನ ಒಳಗೆ ಹೋಗೋಣ. ಡೇಟಾಬೇಸ್ ಸಾಫ್ಟ್‌ವೇರುಗಳಲ್ಲಿ ನನಗೆ ಚೆನ್ನಾಗಿ ಗೊತ್ತಿರುವುದು ಪೋಸ್ಟ್‌ಗ್ರೆಸ್. ಅದರಲ್ಲಿ ಸಮಯ ಇಡಲು ಎರಡು ಮುಖ್ಯ ಬಗೆಗಳಿವೆ. ಒಂದು, ಬರೀ ಟೈಮ್‌ಸ್ಟ್ಯಾಂಪ್. ಇನ್ನೊಂದು, ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್. ಟೈಮ್ ಝೋನ್ ಎಂದರೆ ಒಂದೇ ಗಡಿಯಾರದ ಒಪ್ಪಂದ ನಡೆಯುವ ಪ್ರದೇಶ. ಮೊದಲನೆಯದು ಗೋಡೆ ಗಡಿಯಾರದ ಫೋಟೋ ಇದ್ದಂತೆ. "ನವೆಂಬರ್ 2, ಬೆಳಿಗ್ಗೆ 7" ಎಂದಷ್ಟೇ ಇರುತ್ತದೆ. ಯಾವ ಊರಿನ ಗೋಡೆ ಎಂದು ಅದಕ್ಕೆ ಗೊತ್ತಿಲ್ಲ. ಎರಡು ಫೋಟೋಗಳ ನಡುವೆ ಎಷ್ಟು ತಾಸು ಕಳೆಯಿತು ಎಂದು ಕೇಳಿದರೆ, ಮುಳ್ಳುಗಳ ಸ್ಥಾನ ನೋಡಿ ಕಳೆಯುತ್ತದೆ. ಅಷ್ಟೇ ಅದರ ಕೈಲಾಗುವುದು. 11ರಿಂದ 7, ಎಂಟು. ಅಕ್ಕನ ಸಂಬಳದಲ್ಲಿ ಆಗಿದ್ದು ಇದೇ.

ಎರಡನೆಯದರ ಹೆಸರು ದಾರಿ ತಪ್ಪಿಸುತ್ತದೆ. ವಿತ್ ಟೈಮ್ ಝೋನ್ ಎಂದಿದ್ದರೂ ಅದು ಟೈಮ್ ಝೋನನ್ನು ಇಟ್ಟುಕೊಳ್ಳುವುದಿಲ್ಲ. ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. ನೀವು ಕೊಟ್ಟ ಸಮಯವನ್ನು ಅದು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯಕ್ಕೆ, ಬದಲಿಸಿ 8 ಬೈಟುಗಳಲ್ಲಿ ಇಡುತ್ತದೆ. ಝೋನನ್ನು ಅಲ್ಲಿಗೇ ಮರೆತುಬಿಡುತ್ತದೆ. ಆಮೇಲೆ ತೋರಿಸುವಾಗ, ನೋಡುವವರ ಸೆಷನ್ನಿನಲ್ಲಿ, ಅಂದರೆ ಅವರು ಡೇಟಾಬೇಸಿನ ಜೊತೆ ತೆರೆದ ಸಂಪರ್ಕದಲ್ಲಿ, ಯಾವ ಝೋನ್ ಇದೆಯೋ ಅದಕ್ಕೆ ತಿರುಗಿಸಿ ತೋರಿಸುತ್ತದೆ. ಯುಟಿಸಿ ಕೂಡ ಈಗಿನ ಶಿರಸಿಯ ಸಮಯದ ಹಾಗೆ ಎಂದೂ ಹಿಂದೆ ಮುಂದೆ ಆಗುವುದಿಲ್ಲ. ಹಾಗಾಗಿ ಅಲ್ಲಿ ಒಂದು ಕ್ಷಣದಿಂದ ಇನ್ನೊಂದು ಕ್ಷಣವನ್ನು ಕಳೆದರೆ ಆಯಿ ಹಾಕಿದ ಲೆಕ್ಕವೇ ಬರುತ್ತದೆ. ಅಕ್ಕನ ಪಾಳಿ ಯುಟಿಸಿಯಲ್ಲಿ ನವೆಂಬರ್ 2ರ 03:00ಕ್ಕೆ ಶುರುವಾಗಿ 12:00ಕ್ಕೆ ಮುಗಿಯಿತು. ಒಂಬತ್ತು.

ಹಾಗಾದರೆ ಎಲ್ಲವನ್ನೂ ಯುಟಿಸಿಯಲ್ಲಿ ಇಟ್ಟರೆ ಕಥೆ ಮುಗಿಯಿತಲ್ಲ ಅನ್ನಿಸಬಹುದು. ಬಹಳ ಜನ ಹಾಗೇ ಹೇಳುತ್ತಾರೆ. ಅರ್ಧ ಮಾತ್ರ ನಿಜ. ನಡೆದುಹೋದ ಘಟನೆಗೆ ಅದು ಸರಿ. ಆದರೆ ಒಂದು ಅವಧಿಯನ್ನು ಕೂಡಿಸುವಾಗ ಹೊಸ ಪ್ರಶ್ನೆ ಏಳುತ್ತದೆ.

ಪೋಸ್ಟ್‌ಗ್ರೆಸ್ಸಿನಲ್ಲಿ ಅವಧಿಗೆ ಇಂಟರ್ವಲ್ ಎಂಬ ಬಗೆ ಇದೆ. ನನಗೆ ಅದರ ಒಳರಚನೆ ತುಂಬಾ ಇಷ್ಟ. ಅಡಿಕೆ ವಿಂಗಡಿಸುವಾಗ ರಾಶಿ, ಬೆಟ್ಟೆ, ಚಾಲಿ ಎಂದು ಬೇರೆ ಬೇರೆ ಹಾಕುತ್ತೇವಲ್ಲ, ಹಾಗೆ ಅದರೊಳಗೆ ಮೂರು ಬೇರೆ ಬೇರೆ ಅಂಕಣಗಳಿವೆ. ಒಂದರಲ್ಲಿ ತಿಂಗಳು. ಒಂದರಲ್ಲಿ ದಿನ. ಇನ್ನೊಂದರಲ್ಲಿ ತಾಸು, ನಿಮಿಷ, ಸೆಕೆಂಡುಗಳೆಲ್ಲ ಸೇರಿ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ. ಒಂದನ್ನು ಇನ್ನೊಂದರ ಜೊತೆ ಬೆರೆಸುವುದಿಲ್ಲ. ಯಾಕೆ? ತಿಂಗಳಿಗೆ ಎಷ್ಟು ದಿನ ಎಂದು ಮೊದಲೇ ಹೇಳಲು ಆಗುವುದಿಲ್ಲ, 28 ಇರಬಹುದು, 31 ಇರಬಹುದು. ಅದೇ ರೀತಿ ದಿನಕ್ಕೆ ಎಷ್ಟು ತಾಸು ಎಂದೂ ಮೊದಲೇ ಹೇಳಲು ಆಗುವುದಿಲ್ಲ. ನ್ಯೂಜೆರ್ಸಿಯಲ್ಲಿ 2025ರ ಮಾರ್ಚ್ 9ಕ್ಕೆ 23 ತಾಸು. ನವೆಂಬರ್ 2ಕ್ಕೆ 25.

ಒಂದು ಉದಾಹರಣೆ. ಸೆಷನ್ನಿನ ಝೋನ್ ನ್ಯೂಯಾರ್ಕ್ ಎಂದು ಇಟ್ಟುಕೊಳ್ಳಿ, ನ್ಯೂಜೆರ್ಸಿಗೂ ಅದೇ. ನವೆಂಬರ್ 1ರ ರಾತ್ರಿ 9 ಗಂಟೆಗೆ ಒಬ್ಬ ರೋಗಿಗೆ ಮಾತ್ರೆ ಕೊಟ್ಟರು. ಅದಕ್ಕೆ "1 ದಿನ" ಕೂಡಿಸಿದರೆ ಪೋಸ್ಟ್‌ಗ್ರೆಸ್ ಹೇಳುವುದು ನವೆಂಬರ್ 2ರ ರಾತ್ರಿ 9 ಗಂಟೆ. "24 ತಾಸು" ಕೂಡಿಸಿದರೆ ಹೇಳುವುದು ನವೆಂಬರ್ 2ರ ರಾತ್ರಿ 8 ಗಂಟೆ. ಎರಡೂ ಸರಿಯೇ. ದಿನವೂ ಊಟದ ನಂತರ 9ಕ್ಕೆ ತೆಗೆದುಕೊಳ್ಳುವ ಮಾತ್ರೆಯಾದರೆ ಮೊದಲ ಉತ್ತರ ಬೇಕು. ಸರಿಯಾಗಿ 24 ತಾಸಿನ ಅಂತರ ಇರಲೇಬೇಕು ಎನ್ನುವ ಔಷಧಿಯಾದರೆ ಎರಡನೆಯದು. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು. ಡೇಟಾಬೇಸಿಗೆ ಅದು ಗೊತ್ತಾಗಲು ಸಾಧ್ಯವಿಲ್ಲ. ಅದು ನೀವು ಬಳಸಿದ ಪದವನ್ನು ಮಾತ್ರ ನೋಡುತ್ತದೆ.

ಇಲ್ಲಿ ಮೂರು ಗುಂಡಿಗಳಿವೆ. ನಾನು ಮೂರರಲ್ಲೂ ಯಾರಾದರೂ ಬಿದ್ದಿದ್ದನ್ನು ನೋಡಿದ್ದೇನೆ.

"1 ದಿನ" ಮತ್ತು "24 ತಾಸು" ಸಮವೇ ಎಂದು ಪೋಸ್ಟ್‌ಗ್ರೆಸ್ಸನ್ನೇ ಕೇಳಿ. ಹೌದು, ಸಮ ಎನ್ನುತ್ತದೆ. ಹೋಲಿಸಿ ನೋಡುವಾಗ ಮಾತ್ರ ಅದು ದಿನಕ್ಕೆ 24 ತಾಸು, ತಿಂಗಳಿಗೆ 30 ದಿನ ಎಂದು ಹಿಡಿದುಕೊಳ್ಳುತ್ತದೆ. ಎರಡು ಅವಧಿಗಳನ್ನು ಚಿಕ್ಕದು ದೊಡ್ಡದು ಎಂದು ಜೋಡಿಸಲು ಬೇರೆ ದಾರಿ ಇಲ್ಲ. ಆದರೆ ಸಮ ಎಂದು ಹೇಳಿದ ಅವೇ ಎರಡನ್ನು ಒಂದು ಕ್ಷಣಕ್ಕೆ ಕೂಡಿಸಿದರೆ ಉತ್ತರ ಬೇರೆ ಬರಬಹುದು. ಸಮ ಎಂಬ ಉತ್ತರ ನೋಡಿ ಒಂದರ ಬದಲು ಇನ್ನೊಂದನ್ನು ಹಾಕಬೇಡಿ.

ಎರಡನೇ ಗುಂಡಿ ಸ್ವಲ್ಪ ಆಳ. ನ್ಯೂಯಾರ್ಕ್ ಝೋನಿನಲ್ಲಿ ಮಾರ್ಚ್ 11ರ 00:00ರಿಂದ ಮಾರ್ಚ್ 9ರ 00:00ನ್ನು ಕಳೆಯಿರಿ. ಕ್ಯಾಲೆಂಡರಿನಲ್ಲಿ ಎರಡು ದಿನ. ನಿಜವಾಗಿ ಕಳೆದದ್ದು 47 ತಾಸು. ಪೋಸ್ಟ್‌ಗ್ರೆಸ್ ಕೊಡುವ ಉತ್ತರ "1 ದಿನ 23 ತಾಸು". ಕಳೆಯುವಾಗ ಅದು 24 ತಾಸನ್ನು ಒಂದು ದಿನ ಎಂದು ಕಟ್ಟಿ ಕೊಡುತ್ತದೆ. ಈಗ ಅದೇ ಉತ್ತರವನ್ನು ವಾಪಸ್ ಮಾರ್ಚ್ 9ರ 00:00ಕ್ಕೆ ಕೂಡಿಸಿ. ಮಾರ್ಚ್ 11 ಬರಬೇಕಲ್ಲ? ಬರುವುದು ಮಾರ್ಚ್ 10ರ ರಾತ್ರಿ 11 ಗಂಟೆ. ಕೂಡಿಸುವಾಗ "1 ದಿನ" ಕ್ಯಾಲೆಂಡರಿನ ದಿನವಾಯಿತು. 23 ತಾಸಿನ ಆ ಗಿಡ್ಡ ದಿನವನ್ನು ಅದು ಒಂದೇ ಹೆಜ್ಜೆಯಲ್ಲಿ ದಾಟಿತು. ಉಳಿದ 23 ತಾಸು ಮಾರ್ಚ್ 10ರಲ್ಲೇ ಮುಗಿದವು. ಕಳೆದದ್ದನ್ನು ಕೂಡಿಸಿದರೆ ಮೊದಲಿನದು ಬರಬೇಕು ಎಂಬ ಒಂದನೇ ಕ್ಲಾಸಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೂಲಿ, ಬಾಡಿಗೆ, ಯಂತ್ರ ಓಡಿದ ಹೊತ್ತು ಇಂಥವಕ್ಕೆ ಎರಡು ಕ್ಷಣಗಳ ವ್ಯತ್ಯಾಸವನ್ನು ಸೆಕೆಂಡುಗಳಾಗಿ ತೆಗೆದು, 3600ರಿಂದ ಭಾಗಿಸಿ ತಾಸು ಮಾಡಿಕೊಳ್ಳಿ. ಆಗ ದಿನ ಎಂಬ ಪದವೇ ನಡುವೆ ಬರುವುದಿಲ್ಲ.

ಮೂರನೆಯದು ನಮ್ಮಂಥವರಿಗೇ ಕಾದಿರುವ ಗುಂಡಿ. "1 ದಿನ" ಕೂಡಿಸುವಾಗ ಪೋಸ್ಟ್‌ಗ್ರೆಸ್ ಯಾವ ಊರಿನ ಕ್ಯಾಲೆಂಡರ್ ನೋಡುತ್ತದೆ? ಸೆಷನ್ನಿನ ಝೋನಿನದ್ದು. ಶಿರಸಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಸೆಷನ್ ಏಷ್ಯಾ/ಕೋಲ್ಕತಾ. ಇಲ್ಲಿ ಪ್ರತಿ ದಿನಕ್ಕೂ 24 ತಾಸು, ಹಾಗಾಗಿ ಎಲ್ಲ ಟೆಸ್ಟ್‌ಗಳೂ ಪಾಸ್. ಅದೇ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಅದೇ ಪ್ರಶ್ನೆ, ನ್ಯೂಜೆರ್ಸಿಯ ಸರ್ವರಿನಲ್ಲಿ ಬೇರೆ ಉತ್ತರ ಕೊಡುತ್ತದೆ. ಡೇಟಾ ಅದೇ, ಕೋಡ್ ಅದೇ, ಉತ್ತರ ಬೇರೆ. ನಾನು ಮಾಡಿದ ತಪ್ಪು ಇದೇ ಆಗಿತ್ತು, ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ವರ್ಷದಲ್ಲಿ ಎರಡೇ ದಿನ ಕಾಣಿಸಿಕೊಳ್ಳುವ ತಪ್ಪನ್ನು ಹಿಡಿಯುವುದು ಕಷ್ಟ. ಪೋಸ್ಟ್‌ಗ್ರೆಸ್ 16ರಲ್ಲಿ ಝೋನಿನ ಹೆಸರನ್ನೂ ಜೊತೆಗೆ ಕೊಟ್ಟು ಕೂಡಿಸುವ ಡೇಟ್ ಆ್ಯಡ್ ಎಂಬ ಫಂಕ್ಷನ್ ಬಂದಿದೆ. ಹಳೆಯ ಆವೃತ್ತಿಯಾದರೆ, ಕ್ಷಣವನ್ನು ಮೊದಲು ಆ ಊರಿನ ಗೋಡೆ ಗಡಿಯಾರದ ಸಮಯಕ್ಕೆ ತಿರುಗಿಸಿ, ದಿನ ಕೂಡಿಸಿ, ಮತ್ತೆ ಕ್ಷಣಕ್ಕೆ ತಿರುಗಿಸಬೇಕು. ಸೆಷನ್ನಿನ ಮೇಲೆ ಭಾರ ಹಾಕಬೇಡಿ.

ಬೇರೆ ಡೇಟಾಬೇಸ್‌ಗಳ ದಾರಿ ಬೇರೆ. ಒರಾಕಲ್‌ನಲ್ಲಿ ಝೋನ್ ಇರುವ ಟೈಮ್‌ಸ್ಟ್ಯಾಂಪಿನ ಲೆಕ್ಕವೆಲ್ಲ ಯುಟಿಸಿಯಲ್ಲಿ ನಡೆಯುತ್ತದೆ, ಹಾಗಾಗಿ ಅಲ್ಲಿ "1 ದಿನ" ಕೂಡಿಸಿದರೂ 24 ತಾಸೇ. ಪೋಸ್ಟ್‌ಗ್ರೆಸ್‌ಗೆ ಪೂರ್ತಿ ಉಲ್ಟಾ. ಒಂದರಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಯುಟಿಸಿಯಲ್ಲಿ ಕೂರುತ್ತದೆ, ಡೇಟ್‌ಟೈಮ್ ಗೋಡೆ ಗಡಿಯಾರದ ಫೋಟೋ. ಆದರೆ ಅವಧಿ ಕೂಡಿಸುವಾಗ ಎರಡನ್ನೂ ಗೋಡೆ ಗಡಿಯಾರದಂತೆಯೇ ನೋಡುತ್ತದೆ, ಅಲ್ಲಿ "1 ದಿನ" ಮತ್ತು "24 ತಾಸು" ಎರಡಕ್ಕೂ ಒಂದೇ ಉತ್ತರ. ಎಸ್‌ಕ್ಯೂಎಲ್ ಸರ್ವರಿನ ಡೇಟ್‌ಟೈಮ್ ಆಫ್‌ಸೆಟ್ ಎಂಬ ಬಗೆ "ಯುಟಿಸಿಗಿಂತ 4 ತಾಸು ಹಿಂದೆ" ಎಂಬ ಅಂತರವನ್ನು ಮಾತ್ರ ನೆನಪಿಡುತ್ತದೆ. ಊರಿನ ಹೆಸರನ್ನು ಅಲ್ಲ.

ಈ ಅಂತರ ಮತ್ತು ಊರಿನ ಹೆಸರಿನ ವ್ಯತ್ಯಾಸ ಮುಖ್ಯ. ಅಂತರ ಎಂದರೆ ಒಂದು ಕ್ಷಣದ ಸ್ಥಿತಿ. ಊರಿನ ಹೆಸರು ಎಂದರೆ ಇಡೀ ನಿಯಮದ ಪುಸ್ತಕ. "ಮೈನಸ್ 4" ಎಂದಷ್ಟೇ ಬರೆದಿಟ್ಟರೆ ನವೆಂಬರ್ ಬಂದಾಗ ಅದು "ಮೈನಸ್ 5" ಆಗಬೇಕು ಎಂದು ಯಾರಿಗೂ ಗೊತ್ತಾಗುವುದಿಲ್ಲ. "ಅಮೆರಿಕಾ/ನ್ಯೂಯಾರ್ಕ್" ಎಂದು ಬರೆದರೆ ಕಂಪ್ಯೂಟರ್ ನಿಯಮ ನೋಡಿ ಹೇಳುತ್ತದೆ. ಆ ನಿಯಮಗಳೆಲ್ಲ ಇರುವುದು ಟಿಝಡ್ ಡೇಟಾಬೇಸ್ ಎಂಬ ಕಡತದಲ್ಲಿ. ಆರ್ಥರ್ ಡೇವಿಡ್ ಓಲ್ಸನ್ ಅದನ್ನು ಶುರು ಮಾಡಿದರು. ಪಾಲ್ ಎಗ್ಗರ್ಟ್ ಈಗ ನೋಡಿಕೊಳ್ಳುತ್ತಾರೆ. 2011ರಿಂದ ಅದು ಇಂಟರ್ನೆಟ್ಟಿನ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್ಎ ಸಂಸ್ಥೆಯ ಆಶ್ರಯದಲ್ಲಿದೆ. ನಿಮ್ಮ ಫೋನು, ನನ್ನ ಲ್ಯಾಪ್‌ಟಾಪು, ಅಕ್ಕನ ಆಸ್ಪತ್ರೆಯ ಸರ್ವರ್, ಹೆಚ್ಚುಕಡಿಮೆ ಎಲ್ಲವೂ ಇದನ್ನೇ ನಂಬಿವೆ. ಲೋಕದ ಮೂಲೆ ಮೂಲೆಯ ಗಡಿಯಾರದ ಚರಿತ್ರೆಯನ್ನು ಕೆಲವೇ ಜನ ಇಷ್ಟು ಶ್ರದ್ಧೆಯಿಂದ ಕೂಡಿಟ್ಟಿದ್ದಾರೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಆ ಕಡತದಲ್ಲಿ ಭಾರತದ ಸಾಲೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಗಡಿಯಾರವನ್ನೂ ಒಂದು ತಾಸು ಮುಂದೆ ಇಟ್ಟಿದ್ದರು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತ ಯುಟಿಸಿಗಿಂತ ಆರೂವರೆ ತಾಸು ಮುಂದೆ ಇತ್ತು. ನಮ್ಮ ಕಡೆ ಜಾತಕ ಬರೆಯುವವರಿಗೆ ಈ ವಿಷಯ ಗೊತ್ತು. 1943ರಲ್ಲಿ ಹುಟ್ಟಿದವರ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟಿದ್ದರೆ ಒಂದು ತಾಸು ಕಳೆದೇ ಲಗ್ನ ತೆಗೆಯುತ್ತಾರೆ. ನಮಗೆ ಬೇಸಿಗೆ ಸಮಯದ ಗೊಡವೆ ಇಲ್ಲ ಎಂದು ಕೋಡಿನಲ್ಲಿ ಐದೂವರೆಯನ್ನು ನೇರವಾಗಿ ಬರೆದುಬಿಡುವ ಪ್ರೋಗ್ರಾಮರ್‌ಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಪಂಚಾಂಗದ ಮಾತು ಬಂತಲ್ಲ, ಇನ್ನೊಂದು ಕಷ್ಟವನ್ನು ಅದರ ಮೂಲಕವೇ ಹೇಳುತ್ತೇನೆ. ಮಾರ್ಚ್ 9ರಂದು ನ್ಯೂಜೆರ್ಸಿಯಲ್ಲಿ ಬೆಳಗಿನ ಜಾವ ಎರಡೂವರೆ ಗಂಟೆ ಎಂಬುದು ಬರಲೇ ಇಲ್ಲ. ನವೆಂಬರ್ 2ರಂದು ಒಂದೂವರೆ ಗಂಟೆ ಎರಡು ಸಲ ಬಂತು. ಇದು ನಮಗೆ ಹೊಸದಲ್ಲ. ಯಾವ ಸೂರ್ಯೋದಯಕ್ಕೂ ಸಿಗದೆ ಜಾರಿಹೋಗುವ ತಿಥಿಗೆ ಕ್ಷಯ ತಿಥಿ ಎನ್ನುತ್ತೇವೆ. ಎರಡು ಸೂರ್ಯೋದಯಕ್ಕೆ ಸಿಗುವುದು ವೃದ್ಧಿ ತಿಥಿ. ಅಂಥ ದಿನ ಶ್ರಾದ್ಧವೋ ವ್ರತವೋ ಬಂದರೆ ಯಾವತ್ತು ಮಾಡಬೇಕು ಎಂದು ಹಿರಿಯರು ಮೊದಲೇ ನಿರ್ಣಯ ಮಾಡಿಟ್ಟಿದ್ದಾರೆ. ಡೇಟಾಬೇಸ್‌ಗಳೂ ಒಂದೊಂದು ನಿರ್ಣಯ ಇಟ್ಟುಕೊಂಡಿವೆ. ಇಲ್ಲದ ಎರಡೂವರೆಯನ್ನು ಕೊಟ್ಟರೆ ಪೋಸ್ಟ್‌ಗ್ರೆಸ್ ಅದನ್ನು ಮೂರೂವರೆ ಎಂದು ತೆಗೆದುಕೊಳ್ಳುತ್ತದೆ. ಎರಡು ಸಲ ಬಂದ ಒಂದೂವರೆಯನ್ನು ಕೊಟ್ಟರೆ ಎರಡನೇ ಸಲದ್ದು ಎಂದು ಹಿಡಿಯುತ್ತದೆ. ಒರಾಕಲ್ ಇಲ್ಲದ ಸಮಯಕ್ಕೆ ಎರರ್ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ಎರರ್ ಬರುವುದೇ ಒಳ್ಳೆಯದು. ಸುಮ್ನೆ ಒಂದು ಉತ್ತರ ಕೊಟ್ಟರೆ ತಪ್ಪು ಒಳಗೇ ಕೂತುಬಿಡುತ್ತದೆ.

ಎರಡು ಸಲ ಬರುವ ತಾಸು ಎಷ್ಟು ತೊಂದರೆ ಕೊಡುತ್ತದೆ ನೋಡಿ. ಅಕ್ಕ ಆ ರಾತ್ರಿ ಮೊದಲ ಸಲದ 1:50ಕ್ಕೆ ಚಹಾ ಕುಡಿಯಲು ಹೋಗಿ ಇಪ್ಪತ್ತು ನಿಮಿಷ ಬಿಟ್ಟು ಬಂದಿದ್ದರೆ, ಗಡಿಯಾರದಲ್ಲಿ ಆಗ 1:10. ಗೋಡೆ ಗಡಿಯಾರದ ಲೆಕ್ಕದಲ್ಲಿ ಅವಳ ಬಿಡುವು ಮೈನಸ್ 40 ನಿಮಿಷ. ಒಂದು ಸಲ ಬರೀ ಗೋಡೆ ಸಮಯವನ್ನು ಬರೆದುಕೊಂಡ ಮೇಲೆ, ಅದು ಮೊದಲ ಒಂದೂವರೆಯೋ ಎರಡನೆಯದೋ ಎಂದು ಯಾವ ಡೇಟಾಬೇಸಿಗೂ ಹೇಳಲು ಆಗುವುದಿಲ್ಲ. ಮಾಹಿತಿ ಬರೆಯುವಾಗಲೇ ಕಳೆದುಹೋಗಿದೆ. ಆದ್ದರಿಂದ ಹಾಜರಿಯ ಕಾರ್ಡ್ ಉಜ್ಜಿದ ಕ್ಷಣದಲ್ಲೇ ಯುಟಿಸಿಯಲ್ಲಿ ಬರೆದುಕೊಳ್ಳಬೇಕು. ಪಕ್ಕದ ಕಾಲಮ್ಮಿನಲ್ಲಿ ಆ ಆಸ್ಪತ್ರೆಯ ಝೋನಿನ ಹೆಸರು ಇರಬೇಕು. ಕ್ಷಣದಿಂದ ಕೂಲಿ ಲೆಕ್ಕ, ಝೋನಿನಿಂದ ಪೇಸ್ಲಿಪ್ಪಿನಲ್ಲಿ ತೋರಿಸುವ ಗಂಟೆ.

ದಿನದ ಪ್ರಕಾರ ಹಂಚುವಾಗಲೂ ಝೋನ್ ಬೇಕು. ಅಕ್ಕನ ಪಾಳಿಯಲ್ಲಿ 1 ತಾಸು ನವೆಂಬರ್ 1ಕ್ಕೆ ಸೇರುತ್ತದೆ, 8 ತಾಸು ನವೆಂಬರ್ 2ಕ್ಕೆ. ಭಾನುವಾರದ ಕೂಲಿ ದರ ಬೇರೆ ಇದ್ದರೆ ಇದು ದುಡ್ಡಿನ ಪ್ರಶ್ನೆ. ದಿನದ ಗಡಿಯನ್ನು ಯುಟಿಸಿಯ ಮಧ್ಯರಾತ್ರಿಯಲ್ಲಿ ಎಳೆದರೆ ಅವಳ ಪಾಳಿ ಪೂರ್ತಿ ಭಾನುವಾರಕ್ಕೆ ಹೋಗುತ್ತದೆ. ಸ್ಥಳೀಯ ಮಧ್ಯರಾತ್ರಿಯಲ್ಲೇ ಎಳೆಯಬೇಕು. ಹಾಗೆಂದು ಮಧ್ಯರಾತ್ರಿ ಎಲ್ಲ ಕಡೆ ಎಲ್ಲ ದಿನ ಇರುತ್ತದೆ ಎಂದೂ ನಂಬಬೇಡಿ. ಬ್ರೆಜಿಲ್‌ನಲ್ಲಿ ಗಡಿಯಾರ ಮುಂದೆ ಹೋಗುತ್ತಿದ್ದುದು ಮಧ್ಯರಾತ್ರಿಗೇ. 2018ರ ನವೆಂಬರ್ 4ರಂದು ಸಾವೊ ಪಾವ್ಲೊದಲ್ಲಿ 00:00 ಇರಲಿಲ್ಲ. ಹಿಂದಿನ ದಿನದ 23:59 ಮುಗಿದು ನೇರವಾಗಿ 01:00. ಮರುವರ್ಷ ಆ ದೇಶ ಬೇಸಿಗೆ ಸಮಯವನ್ನೇ ಬಿಟ್ಟಿತು. ಸಮೋವಾ ದ್ವೀಪದಲ್ಲಂತೂ 2011ರ ಡಿಸೆಂಬರ್ 30 ಎಂಬ ಇಡೀ ದಿನವೇ ಬರಲಿಲ್ಲ. ದಿನಾಂಕ ರೇಖೆಯ ಆಚೆ ಬದಿಗೆ ಬರಲು ಅವರು ಒಂದು ದಿನ ದಾಟಿಬಿಟ್ಟರು.

ಅವಧಿ ಬರೆಯುವಾಗ ಶುರುವಿನ ಕ್ಷಣ ಒಳಗೆ, ಮುಗಿತಾಯದ ಕ್ಷಣ ಹೊರಗೆ ಎಂದು ಇಟ್ಟುಕೊಳ್ಳಿ. 7 ಗಂಟೆಗೆ ಅಕ್ಕನ ಪಾಳಿ ಮುಗಿಯುತ್ತದೆ, ಅದೇ 7ಕ್ಕೆ ಇನ್ನೊಬ್ಬರದ್ದು ಶುರು. ನಡುವೆ ಸಂದಿಯೂ ಇಲ್ಲ, ಒಂದರ ಮೇಲೊಂದು ಹತ್ತುವುದೂ ಇಲ್ಲ. ದಿನದ ಕೊನೆಯನ್ನು 23:59:59 ಎಂದು ಬರೆಯುವ ಚಾಳಿ ಬಿಡಿ.

ಇಲ್ಲಿಯವರೆಗೆ ಹೇಳಿದ್ದು ನಡೆದುಹೋದ ಸಂಗತಿಗಳ ಲೆಕ್ಕ. ಮುಂದೆ ನಡೆಯಬೇಕಾದದ್ದರ ಲೆಕ್ಕ ಬೇರೆ. ಡ್ಯೂಟಿ ಇಲ್ಲದ ಭಾನುವಾರ ಅಕ್ಕ ಅಲ್ಲಿಯ ಬೆಳಿಗ್ಗೆ 9 ಗಂಟೆಗೆ ವಿಡಿಯೋ ಕಾಲ್ ಮಾಡುತ್ತಾಳೆ. ಚಳಿಗಾಲದಲ್ಲಿ ಆಗ ನಮಗೆ ಸಂಜೆ ಏಳೂವರೆ. ಮಾರ್ಚ್ ದಾಟಿದರೆ ಆರೂವರೆ, ಆಯಿ ದೇವರಿಗೆ ದೀಪ ಹಚ್ಚುವ ಹೊತ್ತು. ಗಡಿಯಾರ ಬದಲಾಗುವ ಮಾರ್ಚಿನ ವಾರದಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ 167 ತಾಸು. ನವೆಂಬರಿನ ಅಂಥ ವಾರದಲ್ಲಿ 169. ಉಳಿದ ವಾರಗಳಲ್ಲಿ 168. ಈ ಕಾಲ್‌ಗಳನ್ನು ಯುಟಿಸಿಗೆ ಬದಲಿಸಿ, ಪ್ರತಿ ಸಲ 168 ತಾಸು ಕೂಡಿಸುತ್ತ ಹೋದರೆ ಮಾರ್ಚಿನ ನಂತರ ಅಕ್ಕನಿಗೆ 10 ಗಂಟೆಗೆ ನೆನಪೋಲೆ ಹೋಗುತ್ತದೆ. ಒಪ್ಪಂದ ಆಗಿದ್ದು "ನ್ಯೂಜೆರ್ಸಿಯ 9 ಗಂಟೆ" ಎಂದು. ಆದ್ದರಿಂದ ಗೋಡೆ ಗಡಿಯಾರದ 9 ಗಂಟೆಯನ್ನೂ ಝೋನಿನ ಹೆಸರನ್ನೂ ಹಾಗೆಯೇ ಇಡಬೇಕು. ಕ್ಷಣವನ್ನು ಆಯಾ ವಾರಕ್ಕೆ ಲೆಕ್ಕ ಹಾಕಿಕೊಳ್ಳಬೇಕು.

ಇನ್ನೊಂದು ಕಾರಣವೂ ಇದೆ. ನಿಯಮ ಯಾವಾಗ ಬೇಕಾದರೂ ಬದಲಾಗಬಹುದು. ಮೆಕ್ಸಿಕೋದ ಹೆಚ್ಚಿನ ಭಾಗ 2022ರಲ್ಲಿ ಬೇಸಿಗೆ ಸಮಯ ಬಿಟ್ಟಿತು. ಈಜಿಪ್ಟ್ 2023ರಲ್ಲಿ ಮತ್ತೆ ಶುರು ಮಾಡಿತು. ಲೆಬನಾನ್‌ನಲ್ಲಿ 2023ರ ಮಾರ್ಚ್ ಕೊನೆಗೆ ಮುಂದೆ ಹೋಗಬೇಕಿದ್ದ ಗಡಿಯಾರವನ್ನು ರಂಜಾನ್ ಮುಗಿಯುವವರೆಗೆ ತಡೆಯಲು ಸರ್ಕಾರ ಕೆಲವೇ ದಿನ ಮುಂಚೆ ತೀರ್ಮಾನಿಸಿತು. ಕೆಲವರು ಒಪ್ಪಿದರು, ಕೆಲವರು ಒಪ್ಪದೆ ಗಡಿಯಾರ ತಿರುಗಿಸಿಕೊಂಡರು. ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆಯಿತು. ಆಮೇಲೆ ಸರ್ಕಾರ ತೀರ್ಮಾನ ವಾಪಸ್ ತೆಗೆದುಕೊಂಡಿತು. ಮುಂದಿನ ವರ್ಷದ ಭೇಟಿಗಳನ್ನು ಈಗಲೇ ಯುಟಿಸಿಗೆ ಬದಲಿಸಿ ಇಟ್ಟಿದ್ದರೆ ಇಂಥ ಬದಲಾವಣೆ ಬಂದಾಗ ಅವೆಲ್ಲ ಒಂದು ತಾಸು ಜಾರುತ್ತವೆ. ಗೋಡೆ ಸಮಯ ಮತ್ತು ಝೋನ್ ಇಟ್ಟಿದ್ದರೆ ಟಿಝಡ್ ಡೇಟಾಬೇಸಿನ ಹೊಸ ಆವೃತ್ತಿ ಹಾಕಿದರೆ ಸಾಕು. ಹಾಕುವುದನ್ನು ಮರೆಯಬಾರದು, ಅಷ್ಟೇ.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕಾರ್ಮಿಕ ಇಲಾಖೆ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಕೂಲಿ ಕೊಡಬೇಕಾದದ್ದು ನಿಜವಾಗಿ ಕೆಲಸ ಮಾಡಿದ ತಾಸುಗಳಿಗೆ. ಗಡಿಯಾರ ಹಿಂದೆ ಹೋಗುವ ರಾತ್ರಿ ಪಾಳಿಯಲ್ಲಿದ್ದವರು ಒಂದು ತಾಸು ಜಾಸ್ತಿ ದುಡಿದಿರುತ್ತಾರೆ. ನಾನು ಅವಳಿಗೆ ಎರಡೂ ಸಮಯವನ್ನು ಯುಟಿಸಿಯಲ್ಲಿ ಬರೆದು, ಕಳೆದು, ಒಂದು ಹಾಳೆಯಲ್ಲಿ ಕಳಿಸಿದೆ. ಅವಳು ಅದನ್ನು ಸಂಬಳದ ವಿಭಾಗಕ್ಕೆ ಕೊಟ್ಟಳು. ಮುಂದಿನ ಪೇಸ್ಲಿಪ್ಪಿನಲ್ಲಿ ಆ ಒಂದು ತಾಸು ಬಂತು. ಅವಳ ಜೊತೆ ಆ ರಾತ್ರಿ ಇದ್ದ ಉಳಿದವರಿಗೂ ಬಂತು. ಅವರಲ್ಲಿ ಯಾರೂ ಕೇಳಿರಲಿಲ್ಲ.

ನಾನು ಈಗ ಯಾವ ಹೊಸ ಕೆಲಸ ಶುರು ಮಾಡಿದರೂ ಟೆಸ್ಟ್ ಡೇಟಾದಲ್ಲಿ ಮೊದಲು ಎರಡು ಸಾಲು ಹಾಕುತ್ತೇನೆ. ಝೋನ್ ನ್ಯೂಯಾರ್ಕ್. ಮೊದಲ ಸಾಲು: 2025ರ ಮಾರ್ಚ್ 8ರ ರಾತ್ರಿ 11 ಗಂಟೆಯಿಂದ ಮಾರ್ಚ್ 9ರ ಬೆಳಿಗ್ಗೆ 7 ಗಂಟೆ, ಬರಬೇಕಾದ ಉತ್ತರ 7 ತಾಸು. ಎರಡನೇ ಸಾಲು: 2025ರ ನವೆಂಬರ್ 1ರ ರಾತ್ರಿ 11 ಗಂಟೆಯಿಂದ ನವೆಂಬರ್ 2ರ ಬೆಳಿಗ್ಗೆ 7 ಗಂಟೆ, ಬರಬೇಕಾದ ಉತ್ತರ 9 ತಾಸು.